ಕಲ್ಲುಹೂವಿನ ಮೇಡಂ

ಶ್ರದ್ಧಾಂಜಲಿ ಸಭೆಯ ಬ್ಯಾನರಿನಲ್ಲಿ ಮೇಡಂ ಅವರ ಹೆಸರಿನ ಮುಂದೆ ‘ಡಾ.’ ಎಂದು ಹಾಕಿಸಿದ್ದರು. ನೋಡಿದ ಕೂಡಲೇ ನನಗೆ ಮೈ ಉರಿಯಿತು. ಸಭೆಯ ಓಡಾಟವನ್ನೆಲ್ಲ ವಹಿಸಿಕೊಂಡಿದ್ದ ಹಳೆಯ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು, “ಅವರಿಗೆ ಡಾಕ್ಟರೇಟ್ ಆಗಿರಲಿಲ್ಲ ಕಣಯ್ಯ” ಎಂದೆ.

“ಅಯ್ಯೋ, ಇರ್ಲಿ ಬಿಡಿ ಸಾರ್. ಸಿಗ್ಬೇಕಾಗಿತ್ತಲ್ವಾ ಅವ್ರಿಗೆ? ಈಗ ಹಾಕಿದ್ರೆ ಯಾರಪ್ಪನ ಗಂಟು ಹೋಗುತ್ತೆ?” ಎಂದು ಅವನು ನಕ್ಕು, ಹೂವಿನ ಹಾರ ತರಲು ಹೋದ.

ಅವರು ಬದುಕಿದ್ದಿದ್ದರೆ ಆ ಒಂದು ಅಕ್ಷರವನ್ನೂ ಅದರ ಪಕ್ಕದ ಚುಕ್ಕಿಯನ್ನೂ ತಾವೇ ಕತ್ತರಿಸಿ ತೆಗೆದು, ತೂತು ಬಿದ್ದ ಬ್ಯಾನರನ್ನೇ ಕಟ್ಟಿಸುತ್ತಿದ್ದರು. ನಾನು ಅದನ್ನೂ ಮಾಡಲಿಲ್ಲ. ಮೈಕಿನ ಮುಂದೆ ನಿಂತು, ಸರಳ ಜೀವಿ, ಮಿತಭಾಷಿ, ವಿದ್ಯಾರ್ಥಿಗಳ ಪಾಲಿನ ತಾಯಿ ಎಂದು ಎಲ್ಲರಿಗೂ ಹೇಳುವ ಮಾತುಗಳನ್ನೇ ಹೇಳಿ ಬಂದೆ. ಇದರಲ್ಲಿ ಒಂದೂ ನಿಜವಲ್ಲ. ಆ ಹೆಂಗಸು ಸರಳವಾಗಿರಲಿಲ್ಲ. ಹದಿನಾಲ್ಕು ವರ್ಷ ನನ್ನ ಪಕ್ಕದ ಲ್ಯಾಬಿನಲ್ಲಿ ಕೂತು ನನ್ನ ತಲೆ ತಿಂದವರು ಅವರು. ಮಿತಭಾಷಿಯಂತೂ ಖಂಡಿತ ಅಲ್ಲ. ಸಭೆಯಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಬಾಟನಿ, ನಾನು ಕೆಮಿಸ್ಟ್ರಿ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ನಮ್ಮ ಕಾಲೇಜಿಗೆ ನಾನು ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಕೊರಳಿನಲ್ಲಿ ಸರ ಇರಬೇಕಾದ ಕಡೆ ಕಪ್ಪು ದಾರದಲ್ಲಿ ಕಟ್ಟಿದ ಒಂದು ಭೂತಗನ್ನಡಿ ನೇತಾಡುತ್ತಿತ್ತು. ಮದುವೆಮನೆಗೂ ಅದನ್ನು ಹಾಕಿಕೊಂಡೇ ಬರುತ್ತಿದ್ದರು.

ಬಾಟನಿ ಲ್ಯಾಬಿನ ಹೊರಗೋಡೆಯ ಮೇಲೆ ಒಂದು ಸಣ್ಣ ಕರಿಹಲಗೆ ಇತ್ತು. ಪ್ರತಿ ಸೋಮವಾರ ಅದರ ಮೇಲೆ ‘ಹೊಸದಾಗಿ ಗೊತ್ತಾದದ್ದು’ ಎಂದು ತಲೆಬರಹ ಕೊಟ್ಟು, ಜಗತ್ತಿನ ಯಾವುದೋ ಮೂಲೆಯಲ್ಲಿ ನಡೆದ ಒಂದು ಸಂಶೋಧನೆಯ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯುತ್ತಿದ್ದರು. ಇಂಗಾಲದ ಪರಮಾಣುಗಳು ಫುಟ್‌ಬಾಲಿನ ಹಾಗೆ ದುಂಡಗೆ ಕೂಡಿಕೊಳ್ಳುತ್ತವೆ ಎಂಬುದನ್ನು ನಾನು, ಕೆಮಿಸ್ಟ್ರಿ ಓದಿದವನು, ಮೊದಲು ಓದಿದ್ದು ಆ ಹಲಗೆಯ ಮೇಲೆ. ಒಂದು ಕುರಿಯಿಂದ ಅದರ ಪಡಿಯಚ್ಚಿನಂಥ ಇನ್ನೊಂದು ಕುರಿ ಹುಟ್ಟಿಸಿದ್ದು, ಓಜೋನ್ ಪದರ ತೆಳುವಾದದ್ದು, ಎಲ್ಲವೂ ಅಲ್ಲಿ ಬಂದವು. ವಯಸ್ಸಾದವರ ಮೆದುಳಿನಲ್ಲೂ ಹೊಸ ಜೀವಕೋಶಗಳು ಹುಟ್ಟುತ್ತವೆ ಎಂದು ಬರೆದ ವಾರ ಕೆಳಗೆ ‘ಸ್ಟಾಫ್ ರೂಮಿಗೆ ಒಳ್ಳೆಯ ಸುದ್ದಿ’ ಎಂದು ಸೇರಿಸಿದ್ದರು. ಅರ್ಧ ಸ್ಟಾಫ್ ರೂಮು ಹದಿನೈದು ದಿನ ಅವರೊಡನೆ ಮಾತು ಬಿಟ್ಟಿತ್ತು.

ಪ್ರತಿ ಬರಹದ ಕೊನೆಗೆ ಒಂದು ಪ್ರಶ್ನೆ ಇರುತ್ತಿತ್ತು: ‘ಬೇರೆ ಯಾರಾದರೂ ಮಾಡಿ ನೋಡಿದ್ದಾರೆಯೇ?’ ಅದರ ಪಕ್ಕದಲ್ಲಿ ‘ಹೌದು’ ಅಥವಾ ‘ಗೊತ್ತಿಲ್ಲ’. ಬಹಳ ಸಲ ‘ಗೊತ್ತಿಲ್ಲ’ ಎಂದೇ ಇರುತ್ತಿತ್ತು. ಪ್ರಿನ್ಸಿಪಾಲರಿಗೆ ಇದು ಸರಿಬೀಳಲಿಲ್ಲ.

“ಮೇಡಂ, ಲೆಕ್ಚರರ್ ಆದವ್ರು ಬೋರ್ಡ್ ಮೇಲೆ ಗೊತ್ತಿಲ್ಲ ಅಂತ ಬರೆದ್ರೆ ಹುಡುಗ್ರು ಏನ್ ತಿಳ್ಕೋತಾರೆ?”

“ನಮಗೆ ಗೊತ್ತಿಲ್ಲ ಅಂತ ತಿಳ್ಕೋತಾರೆ ಸಾರ್” ಎಂದರು ಇವರು.

ಅವರದೇ ಸಂಶೋಧನೆ ಕಲ್ಲುಹೂವಿನ ಮೇಲೆ. ಮರದ ತೊಗಟೆಯ ಮೇಲೆ, ಬಂಡೆಯ ಮೇಲೆ ಬೂದುಹಸಿರಾಗಿ ಚಕ್ಕೆಚಕ್ಕೆಯಾಗಿ ಹಬ್ಬುತ್ತದಲ್ಲ, ಮಸಾಲೆಗೆ ಹುರಿದು ಹಾಕುತ್ತೇವಲ್ಲ, ಅದರದೇ ಬಳಗ. ಒಂದು ಬೂಷ್ಟು, ಒಂದು ಪಾಚಿ ಎರಡೂ ಸೇರಿ ಒಂದೇ ಸಂಸಾರ ಹೂಡಿದ ಜೀವ ಅದು. ಗಾಂಧಿ ಬಜಾರಿನ ದಿನಸಿ ಅಂಗಡಿಯೊಂದಕ್ಕೆ ವಿದ್ಯಾರ್ಥಿಗಳನ್ನು ಸಾಲಾಗಿ ಕರೆದುಕೊಂಡು ಹೋಗಿ, ಕಲ್ಲುಹೂವಿನ ಚೀಲಕ್ಕೆ ಕೈಹಾಕಿ, ಭೂತಗನ್ನಡಿ ಹಿಡಿದು ಪಾಠ ಮಾಡುತ್ತಿದ್ದರು. ಅಂಗಡಿಯ ಸಾಹೇಬರು ಮೊದಲ ಸಲ ಹೆದರಿದ್ದರಂತೆ.

“ಅಸಲಿ ಮಾಲು ಮೇಡಂ, ಕಲಬೆರಕೆ ಇಲ್ಲ, ಖುದಾ ಕಸಂ.”

“ಕಲಬೆರಕೆ ಇದೆ ಸಾಹೇಬ್ರೆ. ಇದ್ರಲ್ಲಿ ನಾಲ್ಕು ಜಾತಿ ಇದೆ. ಅದಕ್ಕೇ ಬಂದಿದ್ದು” ಎಂದು ಇವರು ಚೀಲದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಅಂದಿನಿಂದ ಬಜಾರಿನಲ್ಲೂ ಕಾಲೇಜಿನಲ್ಲೂ ಅವರು ಕಲ್ಲುಹೂವಿನ ಮೇಡಂ.

ಅವರ ಕೆಲಸ ಕೇಳಲು ಸುಲಭ, ಮಾಡಲು ರೇಜಿಗೆ. ಇಪ್ಪತ್ತು ಮಾವಿನ ಮರ ಆರಿಸಿಕೊಂಡಿದ್ದರು. ಹತ್ತು ನಮ್ಮ ಸವಳಂಗ ರಸ್ತೆಯ ಬದಿಯಲ್ಲಿ, ಅದರಲ್ಲಿ ಏಳು ಕಾಲೇಜಿನ ಮುಂದೆಯೇ. ಇನ್ನು ಹತ್ತು ಭದ್ರಾವತಿಯ ನ್ಯೂ ಟೌನಿನ ಒಳರಸ್ತೆಯಲ್ಲಿ, ಅವರ ಅಕ್ಕನ ಮನೆಯ ಆಸುಪಾಸು. ಪ್ರತಿ ಮರಕ್ಕೂ ಸಂಖ್ಯೆ ಕೊರೆದ ತಗಡಿನ ಬಿಲ್ಲೆ. ಮಳೆಗಾಲ ಮುಗಿದ ಮೇಲೆ, ಕಾರ್ತಿಕದಲ್ಲಿ, ತೊಗಟೆಯ ಮೇಲಿನ ಒಂದೊಂದು ಕಲ್ಲುಹೂವಿನ ಮೇಲೂ ಟ್ರೇಸಿಂಗ್ ಪೇಪರ್ ಇಟ್ಟು, ಅಂಚಿನುದ್ದಕ್ಕೂ ಪೆನ್ಸಿಲ್ ಎಳೆದು, ಮನೆಗೆ ಹೋಗಿ ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸುವುದು. ವರ್ಷಕ್ಕೆ ಉಗುರಿನ ದಪ್ಪದಷ್ಟು ಬೆಳೆದರೆ ಹೆಚ್ಚು. ಹೀಗೆ ಹತ್ತು ವರ್ಷ ಅಳೆಯಬೇಕು, ಅದು ಅವರ ಪಿಎಚ್‌ಡಿ.

“ಇದಕ್ಕೆ ಬೇರಿಲ್ಲ ಮಾರಾಯ್ರೆ” ಎಂದು ನನಗೆ ಹೇಳಿದ್ದರು. “ಗಾಳೀಲಿ ಏನ್ ಬರುತ್ತೋ ಅದನ್ನೇ ಉಣ್ಬೇಕು. ಬಸ್ಸು ಲಾರಿ ಹೊಗೆ ಜಾಸ್ತಿ ಆದ್ರೆ ನಾವು ಕೆಮ್ಮೋ ಮೊದ್ಲು ಇದು ಸಾಯುತ್ತೆ.”

ಶುದ್ಧ ಗಾಳಿಯ ಕಡೆ ಎಂದು ಭದ್ರಾವತಿಯನ್ನು ಆರಿಸಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಕಾರ್ಖಾನೆ ಊರಿನಲ್ಲಿ ಕಲ್ಲುಹೂವೇ? ಆದರೆ ಆ ಒಳರಸ್ತೆಯಲ್ಲಿ ಪಾಳಿ ಬಿಟ್ಟಾಗ ಸೈಕಲ್ಲುಗಳು ಬಿಟ್ಟರೆ ಬೇರೆ ವಾಹನವೇ ಇರಲಿಲ್ಲ. ಅಲ್ಲಿಯ ಮರಗಳಲ್ಲಿ ಕಲ್ಲುಹೂವು ವರ್ಷವರ್ಷ ಹಬ್ಬುತ್ತಿತ್ತು, ನಮ್ಮ ರಸ್ತೆಯ ಮರಗಳಲ್ಲಿ ಅಂಚು ಒಣಗಿ ನಿಧಾನವಾಗಿ ಕುಗ್ಗುತ್ತಿತ್ತು. ಮರಗಳ ತೊಗಟೆಯ ಹುಳಿ, ಅಂದರೆ ಆಮ್ಲದ ಅಂಶ, ಎಷ್ಟೆಂದು ಅಳೆದುಕೊಟ್ಟವನು ನಾನೇ. ಒಂದೊಂದು ಮರಕ್ಕೂ ಮೂರು ಮೂರು ಸಲ ಅಳೆಸಿದರು. ಮೂರೂ ಒಂದೇ ಬಂದರೆ ಅನುಮಾನದಿಂದ ನಾಲ್ಕನೆಯ ಸಲ ಅಳೆಸುತ್ತಿದ್ದರು.

ಇವರ ಈ ಅನುಮಾನ ನನ್ನ ಬುಡಕ್ಕೂ ಬಂತು. ನನ್ನದೂ ಪಿಎಚ್‌ಡಿ ನಡೆಯುತ್ತಿತ್ತು. ಒಂದು ದಿನ ನನ್ನ ಗ್ರಾಫನ್ನು ಹೆಮ್ಮೆಯಿಂದ ತೋರಿಸಿದೆ. ಹನ್ನೆರಡು ಚುಕ್ಕಿ, ಹನ್ನೆರಡೂ ಗೆರೆಯ ಮೇಲೆ. ಭೂತಗನ್ನಡಿ ಹಿಡಿದು ನೋಡಿದರು. ನನ್ನ ಇಬ್ಬರು ವಿದ್ಯಾರ್ಥಿಗಳು ಪಕ್ಕದಲ್ಲೇ ನಿಂತಿದ್ದರು.

“ಇಷ್ಟು ನೆಟ್ಟಗಿರೋ ಗೆರೆ ಅಡಿಪಟ್ಟಿಯಿಂದ ಮಾತ್ರ ಬರೋದು ಮಾರಾಯ್ರೆ. ಇದ್ರಲ್ಲಿ ಮೂರು ನೀವು ಅಳೆದದ್ದಲ್ಲ, ಬರೆದದ್ದು.”

ಯಾವ ಮೂರು ಎಂದೂ ತೋರಿಸಿದರು. ಸರಿಯಾಗಿಯೇ ತೋರಿಸಿದರು. ನಾನು ನಕ್ಕು ಹಾಳೆ ಮಡಿಚಿಟ್ಟುಕೊಂಡೆ. ಒಳಗೆ ಕೊತಕೊತ ಕುದಿಯುತ್ತಿದ್ದೆ.

ಇದಾಗಿ ಎರಡು ವಾರಕ್ಕೆ ಕಾಲೇಜಿನ ಗುಣಮಟ್ಟ ಪರಿಶೀಲಿಸುವ ಸಮಿತಿ ಬರುತ್ತದೆ ಎಂದು ಪತ್ರ ಬಂತು. ಅದು ಅವರ ಅಳತೆಯ ಹತ್ತನೆಯ ವರ್ಷ. ಕಾರ್ತಿಕದ ಕೊನೆಯ ಅಳತೆಗೆ ಇನ್ನೊಂದು ವಾರವಿತ್ತು. ಇಡೀ ಕಾಲೇಜು ಮದುವೆಮನೆಯಾಯಿತು. ನಾನು ಎನ್ನೆಸ್ಸೆಸ್ ಅಧಿಕಾರಿ. ಭಾನುವಾರ ಶ್ರಮದಾನ ಇಟ್ಟು ಮುಂದಿನ ರಸ್ತೆಯ ಮರಗಳ ಕಾಂಡ ಉಜ್ಜಿ ಸುಣ್ಣ, ಕೆಮ್ಮಣ್ಣು ಬಳಿಸಬೇಕೆಂದು ಪ್ರಿನ್ಸಿಪಾಲರ ಅಪ್ಪಣೆ. ಊರಿಗೆ ಮಂತ್ರಿ ಬಂದರೆ ಮರಕ್ಕೆ ಪಟ್ಟಿ ಬಳಿಯುವುದು ನಮ್ಮಲ್ಲಿ ಹಳೆಯ ಸಂಪ್ರದಾಯ, ಸಮಿತಿಗೆ ಬಳಿಯದಿದ್ದರೆ ಹೇಗೆ? ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹುಳ ಹತ್ತಬಾರದೆಂದು ಸುಣ್ಣಕ್ಕೆ ಮೈಲುತುತ್ತವನ್ನೂ ಕರಗಿಸಿ ಸೇರಿಸಿದೆ. ಕೆಮಿಸ್ಟ್ರಿ ಮೇಷ್ಟ್ರಲ್ಲವೇ.

ಆ ಭಾನುವಾರ ಮೇಡಂ ಭದ್ರಾವತಿಗೆ ಹೋಗಿದ್ದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಫೈನಲ್ ಬಿಎಸ್ಸಿಯ ಒಬ್ಬಳು ಹುಡುಗಿ ತೆಂಗಿನ ನಾರು ಹಿಡಿದು ನನ್ನ ಬಳಿ ಬಂದಳು.

“ಸಾರ್, ಈ ಮರದ ಮೇಲೆ ಬಾಟನಿ ಮೇಡಂ ಬಿಲ್ಲೆ ಇದೆ. ಬಿಟ್ಬಿಡೋಣ್ವಾ?”

“ಎಷ್ಟು ಮರಕ್ಕಿದೆ?”

“ಏಳಕ್ಕೆ ಸಾರ್.”

“ಏಳು ಬಿಟ್ರೆ ಹಲ್ಲು ಉದುರಿದ ಬಾಯಿ ಥರ ಕಾಣುತ್ತಲ್ಲಮ್ಮ. ಬಳೀರಿ.”

“ಮೇಡಂ ಬೈತಾರೆ ಸಾರ್.”

“ಮೇಡಂಗೆ ನಾನ್ ಹೇಳ್ತೀನಿ. ನೀವು ಬಳೀರಿ.”

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಸಮಿತಿ ಒಂದೇ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆ ಮೂರು ಚುಕ್ಕಿಗಳೂ ಇದ್ದವು. ಅವರ ಹತ್ತು ವರ್ಷ ಹಾಳಾಗಲಿ ಎಂದುಕೊಳ್ಳಲಿಲ್ಲ, ಅಷ್ಟು ಕೆಟ್ಟವನಲ್ಲ ನಾನು. ಒಂದಿಷ್ಟು ಸುಣ್ಣ ಬಿದ್ದು ಆಯಮ್ಮ ಸ್ವಲ್ಪ ಪರದಾಡಲಿ, ಮಳೆಗೆ ತೊಳೆದುಹೋಗುತ್ತದೆ, ಇಷ್ಟೇ ಅಂದುಕೊಂಡೆ. ಬೆಳೆಯುವುದು ಎಷ್ಟು ನಿಧಾನ ಎಂದು ನನಗೆ ಅವರೇ ಹೇಳಿದ್ದರು, ಅದು ಮರೆತಿರಲೂ ಇಲ್ಲ.

ಸೋಮವಾರ ಅವರು ನೇರವಾಗಿ ನನ್ನ ಲ್ಯಾಬಿಗೆ ಬಂದರು. ಕಿರುಚಾಡುತ್ತಾರೆ ಎಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಕಿರುಚಾಡಲಿಲ್ಲ. ಸ್ಟೂಲು ಎಳೆದು ಕೂತು, ಉದ್ದನೆಯ ನೋಟ್‌ಬುಕ್ ತೆರೆದರು.

“ಎಷ್ಟೊತ್ತಿಗೆ ಬಳಿದ್ರಿ?”

“ಹತ್ತು, ಹತ್ತೂವರೆ.”

“ಮೊದ್ಲು ಉಜ್ಜಿದ್ರಾ?”

“ನಾರಲ್ಲಿ ಉಜ್ಜಿದ್ವಿ ಮೇಡಂ.”

“ಸುಣ್ಣಕ್ಕೆ ಏನ್ ಬೆರೆಸಿದ್ರಿ?”

“ಗೋಂದು. ಸ್ವಲ್ಪ ಮೈಲುತುತ್ತ.”

ಪೆನ್ನು ನಿಂತಿತು. “ಸುಣ್ಣ, ಮೈಲುತುತ್ತ. ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಔಷಧಿ ಅಲ್ವಾ ಮಾರಾಯ್ರೆ ಅದು? ಬೂಷ್ಟು ಸಾಯಿಸೋದಕ್ಕೇ ಇರೋದು.”

ನನ್ನ ತಂದೆ ಪ್ರತಿ ಮುಂಗಾರಿನಲ್ಲಿ ತೋಟಕ್ಕೆ ಅದನ್ನೇ ಹೊಡೆಸುತ್ತಿದ್ದರು. ಆ ಮಿಶ್ರಣದ ವಿಷಯ ತರಗತಿಯಲ್ಲಿ ಪಾಠ ಮಾಡಿದವನು ನಾನು.

“ಹುಡುಗ್ರಿಗೆ ಬಿಲ್ಲೆ ಕಾಣಿಸ್ಲಿಲ್ವಾ?” ಎಂದು ಕೇಳಿದರು.

“ಇಲ್ಲ ಮೇಡಂ. ಕಾಣಿಸ್ಲಿಲ್ಲ.”

ಎಷ್ಟು ಸಲೀಸಾಗಿ ಬಂತು ಆ ಮಾತು! ನಾಲಿಗೆ ತಡವರಿಸಲೂ ಇಲ್ಲ. ಅವರು, “ಬಿಲ್ಲೆ ಸಣ್ಣದಾಯ್ತು. ಬಣ್ಣ ಹಚ್ಬೇಕಿತ್ತು ಅದಕ್ಕೆ. ನಂದೇ ತಪ್ಪು” ಎಂದು ಬರೆದುಕೊಂಡು ಎದ್ದು ಹೋದರು. ನನ್ನ ಹುಡುಗರ ಮೇಲೆ, ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು, ಆ ಜಗಳದಲ್ಲಿ ನಿಜ ಬಾಯಿಗೆ ಬಂದುಬಿಡುತ್ತಿತ್ತೇನೋ.

ಸಮಿತಿ ಬಂತು, ಬಿಳಿಕೆಂಪು ಮರಗಳನ್ನು ನೋಡಿ ತಲೆದೂಗಿತು. ವರ್ಷದ ಕೊನೆಗೆ ಪರಿಸರ ಕಾಳಜಿಗಾಗಿ ನನಗೆ ಒಂದು ಪ್ರಮಾಣಪತ್ರ ಬಂತು.

ಅವರ ಗೈಡ್ ಇದ್ದದ್ದು ದೂರದ ಒಂದು ವಿಶ್ವವಿದ್ಯಾಲಯದಲ್ಲಿ. ಅವರನ್ನು ನೋಡಿ ಬಂದ ದಿನ ಮೇಡಂ ಮುಖ ಕಪ್ಪಿಟ್ಟಿತ್ತು. ಆ ಮಹಾಶಯರು ಹೇಳಿದ್ದು ಇಷ್ಟು: ಸುಣ್ಣದ ಸುದ್ದಿ ಎತ್ತಬೇಡಿ. ಹತ್ತನೆಯ ವರ್ಷ ರಸ್ತೆಬದಿಯ ಏಳು ಮರಗಳಲ್ಲಿ ಕಲ್ಲುಹೂವು ಪೂರ್ತಿ ಸತ್ತಿದೆ, ಭದ್ರಾವತಿಯಲ್ಲಿ ಹಬ್ಬಿದೆ. ವಾಹನದ ಹೊಗೆಯಿಂದ ಸತ್ತಿತು ಎಂದು ಬರೆಯಿರಿ. ಇದಕ್ಕಿಂತ ಸೊಗಸಾದ ಫಲಿತಾಂಶ ಯಾರಿಗೆ ಸಿಗುತ್ತದೆ?

ನಾನೂ ಅದನ್ನೇ ಹೇಳಿದೆ. ಸುಣ್ಣದ ಸುದ್ದಿ ಮುಚ್ಚಿಹೋದರೆ ನನ್ನದೂ ಮುಚ್ಚಿಹೋಗುತ್ತಿತ್ತಲ್ಲ.

“ಹೇಗಿದ್ರೂ ಕುಗ್ತಾ ಇತ್ತಲ್ವಾ ಮೇಡಂ. ಇನ್ನು ನಾಲ್ಕು ವರ್ಷಕ್ಕೆ ಹೊಗೆಯಿಂದಾನೇ ಸಾಯ್ತಿತ್ತು.”

“ಸಾಯ್ತಿತ್ತು ಅನ್ನೋದು ನೀವು ಹೇಳೋದು. ಸತ್ತದ್ದು ಸುಣ್ಣದಿಂದ.”

“ಯಾರಿಗ್ ಗೊತ್ತಾಗುತ್ತೆ ಮೇಡಂ?”

“ನಾಳೆ ಯಾವನೋ ಒಬ್ಬ ಮಾಡಿ ನೋಡ್ತಾನೆ. ಅವನಿಗೆ ಈ ಫಲಿತಾಂಶ ಬರಲ್ಲ. ತನ್ನದೇ ತಪ್ಪು ಅಂತ ತಲೆ ಕೆಡಿಸ್ಕೋತಾನೆ, ಪಾಪ” ಎಂದರು. ತಮ್ಮ ಡಾಕ್ಟರೇಟು ಮುಳುಗುತ್ತಿರುವಾಗ ಇನ್ನೂ ಹುಟ್ಟಿರದ ಯಾವನೋ ಒಬ್ಬನ ಮೇಲೆ ಕನಿಕರ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಂಥವರಿಗೆ ಏನು ಹೇಳುವುದು?

ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಬೇರೆ ಮರಗಳನ್ನು ಸೇರಿಸಿಕೊಳ್ಳಲು ಎರಡು ವರ್ಷ ಹೆಚ್ಚು ಕೊಡಿ ಎಂದು ಅರ್ಜಿ ಹಾಕಿದರು. ಅದರ ಜೊತೆಗೆ ಎನ್ನೆಸ್ಸೆಸ್ ಅಧಿಕಾರಿಯ ಕಾಗದವೊಂದು ಬೇಕಾಯಿತು. ಬರೆದುಕೊಟ್ಟೆ, ಗುರುತು ಕಾಣದ ಕಾರಣ ವಿದ್ಯಾರ್ಥಿಗಳು ಬಳಿದಿದ್ದಾರೆ ಎಂದು. ನಾನು ನೋಡಿಯೂ ಬಳಿಸಿದೆ ಎಂದು ಬರೆದಿದ್ದರೆ ತಪ್ಪು ಕಾಲೇಜಿನದಾಗುತ್ತಿತ್ತು, ಅವರಿಗೆ ಅವಧಿ ಸಿಗುತ್ತಿತ್ತು. ಆದರೆ ಆ ತಿಂಗಳೇ ನನ್ನ ಬಡ್ತಿಯ ಕಡತ ಮೇಲೆ ಹೋಗಿತ್ತು. ಮೂರು ತಿಂಗಳ ಮೇಲೆ ಉತ್ತರ ಬಂತು. ಗುರುತು ಕಾಣುವಂತೆ ಹಾಕದಿದ್ದದ್ದು ಸಂಶೋಧಕರ ನಿರ್ಲಕ್ಷ್ಯ, ಆದ್ದರಿಂದ ಅವಧಿ ವಿಸ್ತರಣೆ ಸಾಧ್ಯವಿಲ್ಲ.

ನಿರ್ಲಕ್ಷ್ಯ! ಒಂದು ಮರಕ್ಕೆ ನಾಲ್ಕು ಸಲ ಹುಳಿ ಅಳೆಸಿದ ಹೆಂಗಸಿಗೆ. ಆ ಪತ್ರವನ್ನು ನನ್ನ ಕೈಗೇ ಓದಲು ಕೊಟ್ಟರು. ಓದಿ ಹಿಂದಿರುಗಿಸಿದೆ. ಅವತ್ತು ಬಾಗಿಲವರೆಗೆ ಹೋಗಿ, ಈಗ ಹೇಳಿಬಿಡುತ್ತೇನೆ ಎಂದು ತಿರುಗಿ ನೋಡಿದೆ. ಅವರು ಸ್ಲೈಡುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದರು. ಬೆಲ್ ಆಯಿತು, ಕ್ಲಾಸಿಗೆ ಹೋದೆ. ಮಾರನೆಯ ವರ್ಷ ನನಗೆ ಡಾಕ್ಟರೇಟ್ ಬಂತು, ನೆಟ್ಟಗಿನ ಆ ಗೆರೆಯ ಸಮೇತ. ಅವರು ಮನೆಯಿಂದ ಕೊಬ್ಬರಿಮಿಠಾಯಿ ಮಾಡಿಕೊಂಡು ಬಂದು ಎಲ್ಲರಿಗೂ ಹಂಚಿದರು.

ಪಿಎಚ್‌ಡಿ ಹೋಯಿತು, ಅಳತೆ ನಿಲ್ಲಲಿಲ್ಲ. ಇದಂತೂ ನನಗೆ ಸಹಿಸಲಾಗದ ಹಿಂಸೆ. ಪ್ರತಿ ಕಾರ್ತಿಕದಲ್ಲೂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಯ ತೊಗಟೆಯ ಮುಂದೆ ಭೂತಗನ್ನಡಿ ಹಿಡಿದು ನಿಲ್ಲುತ್ತಿದ್ದರು. “ಮೇಡಂ ಸುಣ್ಣ ಅಳೀತಿದಾರೆ” ಎಂದು ಹೊಸ ಹುಡುಗರು ನಗುತ್ತಿದ್ದರು. ಸ್ಟಾಫ್ ರೂಮಿನ ಕಿಟಕಿಯಿಂದ ಅದು ಕಾಣಬಾರದೆಂದು ನಾನು ಕುರ್ಚಿ ತಿರುಗಿಸಿ ಹಾಕಿಕೊಂಡೆ.

“ಇನ್ನೂ ಯಾಕೆ ಮೇಡಂ ಇದೆಲ್ಲ?” ಎಂದು ಒಮ್ಮೆ ರೇಗಿದೆ.

“ಮತ್ತೆ ಬರುತ್ತೋ ಇಲ್ವೋ, ಎಷ್ಟು ವರ್ಷಕ್ಕೆ ಬರುತ್ತೆ, ನೋಡ್ಬೇಕಲ್ವಾ? ನೀವ್ಯಾಕೆ ಸಿಟ್ಟಾಗ್ತೀರಿ?” ಎಂದರು.

ನಿವೃತ್ತಿಯಾದ ಮೇಲೆ ಭದ್ರಾವತಿಗೆ ಅಕ್ಕನ ಜೊತೆ ಇರಲು ಹೋದರು. ಅಲ್ಲಿಂದ ಎರಡನೆಯ ವರ್ಷಕ್ಕೆ ಕಾಯಿಲೆ ಬಿದ್ದರು. ಒಂದು ಭಾನುವಾರ ಬಂದು ಹೋಗಿ ಎಂದು ಅಕ್ಕನಿಂದ ಫೋನ್ ಮಾಡಿಸಿದರು. ಹೋದೆ. ಮುಖ ಬಿಳಿಚಿಕೊಂಡಿತ್ತು, ಮಾತು ಮಾತ್ರ ಹಾಗೆಯೇ ಇತ್ತು. ಇಷ್ಟು ವರ್ಷದ ಅಳತೆಯನ್ನೆಲ್ಲ ಹೊಸ ಪುಸ್ತಕಕ್ಕೆ ನಕಲು ಮಾಡಿದ್ದರು. ಕಾಲೇಜಿನ ಲೈಬ್ರರಿಗೆ ಕೊಡಬೇಕು, ಮುಂದೆ ಯಾರಿಗಾದರೂ ಬೇಕಾದರೆ ತಪ್ಪಿಲ್ಲದ್ದು ಸಿಗಬೇಕು ಎಂದರು. ಪರೀಕ್ಷೆಯ ಅಂಕಪಟ್ಟಿಯನ್ನು ಇಬ್ಬರು ಕೂತು ತಾಳೆ ನೋಡುತ್ತೇವಲ್ಲ, ಒಬ್ಬರು ಓದುವುದು, ಇನ್ನೊಬ್ಬರು ಟಿಕ್ ಹಾಕುವುದು, ಹಾಗೆ. ಹಳೆಯ ಪುಸ್ತಕ ನನ್ನ ಕೈಗೆ ಕೊಟ್ಟು, ಹೊಸದನ್ನು ತಾವು ಮಡಿಲಲ್ಲಿ ಇಟ್ಟುಕೊಂಡು ಕೆಂಪು ಪೆನ್ನು ಹಿಡಿದರು.

ಊಟವಾದ ಮೇಲೆ ಶುರುಮಾಡಿ ಮೂರು ಗಂಟೆಯ ಹೊತ್ತಿಗೆ ಒಂಬತ್ತು ವರ್ಷ ಮುಗಿಯಿತು. ಅವರು ಒಮ್ಮೆಯೂ ತಲೆ ಎತ್ತಲಿಲ್ಲ. ಟಿಕ್, ಟಿಕ್ ಎಂದು ಪೆನ್ನು ಇಳಿಯುತ್ತಿತ್ತು. ನಾನು ಪುಟ ತಿರುವಿದೆ.

“ಹತ್ತನೇ ವರ್ಷ” ಎಂದು ಓದಿದೆ. “ರಸ್ತೆಬದಿಯ ಏಳು ಮರಗಳಿಗೆ ಸುಣ್ಣ ಮತ್ತು ಮೈಲುತುತ್ತ. ಗುರುತು ಕಾಣದೆ ಬಳಿದದ್ದು. ಗುರುತು ಸರಿಯಾಗಿ ಹಾಕದಿದ್ದದ್ದು ನನ್ನ ತಪ್ಪು.” ಅದರ ಕೆಳಗೆ, ಮಾಹಿತಿ ಕೊಟ್ಟವರು ಎಂದು ನನ್ನ ಹೆಸರಿತ್ತು. ಅದನ್ನೂ ಓದಿದೆ.

ಪೆನ್ನು ಇಳಿಯಲಿಲ್ಲ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

“ಸರಿ ಇದೆಯಾ?” ಎಂದು ಕೇಳಿದರು.

ಆ ಮಧ್ಯಾಹ್ನ ಬೇರೆ ಯಾವ ಸಾಲಿಗೂ ಅವರು ಹೀಗೆ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಅಕ್ಕ ಕಾಫಿಗೆ ಹಾಲು ಇಟ್ಟಿದ್ದರು. ಮೇಡಂ ಕಾಯುತ್ತಿದ್ದರು. ನನ್ನ ಬಡ್ತಿ ಆಗಿಹೋಗಿತ್ತು, ಅವರ ನೌಕರಿ ಮುಗಿದಿತ್ತು, ನಿಜ ಹೇಳಿದರೆ ಇನ್ನು ಯಾರಿಗೂ ಯಾವ ನಷ್ಟವೂ ಇರಲಿಲ್ಲ.

“ಸರಿ ಇದೆ ಮೇಡಂ” ಎಂದೆ.

ಅವರು ಟಿಕ್ ಹಾಕಿದರು. “ಮುಂದಿಂದು ಓದಿ.”

“ಹನ್ನೊಂದನೇ ವರ್ಷ. ಒಂದನೇ ಮರ, ಸೊನ್ನೆ. ಎರಡನೇ ಮರ, ಸೊನ್ನೆ. ಮೂರನೇ ಮರ, ಸೊನ್ನೆ.”